ಜಂಬಯ್ಯ ಮೇಸ್ತ್ರಿ ನೀರಿನ ಹಿಂದೆ ನಡೆದದ್ದು

ಬಹಳ ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದ ಕಾಲದಲ್ಲಿ, ಒಂದು ಊರಿತ್ತು. ಮುದ್ದನಪೇಟೆ ಅಂತ ಅದರ ಹೆಸರು. ಮೊದಲು ಅದು ಪೇಟೆಯೇ ಅಲ್ಲ, ಬರೀ ಹಳ್ಳಿ. ಎರೆಭೂಮಿಯ ನಡುವೆ ಒಂದು ಕೆರೆ, ಕೆರೆಯ ಕೆಳಗೆ ನಾಲ್ಕು ಮನೆ, ಅಷ್ಟೇ. ಆಮೇಲೆ ಹತ್ತಿ ಬಂತು. ಹತ್ತಿಯ ಹಿಂದೆ ಗಾಡಿ ಬಂದವು, ಗಾಡಿಯ ಹಿಂದೆ ನೇಕಾರರು ಬಂದರು, ನೇಕಾರರ ಹಿಂದೆ ಬಣ್ಣ ಹಾಕುವವರು, ಗಾಣದವರು, ಕಮ್ಮಾರರು. ಬಂದವರೆಲ್ಲ ಸಿಕ್ಕ ಸಿಕ್ಕಲ್ಲಿ ಮನೆ ಕಟ್ಟಿದರು. ಹೀಗೆ ಊರು ಬೆಳೆಯಿತು.

ಬೆಳೆದದ್ದೇನೋ ಬೆಳೆಯಿತು, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಬಣ್ಣದವರು ಚೆಲ್ಲಿದ ನೀರು ಕುಡಿಯುವ ಬಾವಿಗೆ ಇಳಿಯಿತು. ಬಾವಿಯ ನೀರು ಒಂದು ದಿನ ಕೆಂಪು, ಇನ್ನೊಂದು ದಿನ ನೀಲಿ. ಮಳೆ ಬಂದರೆ ಕೆಳಗೇರಿಯ ಬೀದಿಯಲ್ಲಿ ಎಮ್ಮೆಗಳು ಈಜುತ್ತಿದ್ದವು, ಹಾಗಂತ ಹೇಳುತ್ತಾರೆ. ಎಮ್ಮೆಯ ಮಾತಿಗೆ ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಆದರೆ ಕೆಳಗೇರಿಯ ನೇಕಾರರ ಮನೆಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತಿದ್ದದ್ದು ಮಾತ್ರ ನಿಜ.

ಯಾಕೆ ನುಗ್ಗುತ್ತಿತ್ತು? ಅದೇ ಕಥೆ, ಕೇಳಿ. ಕೆರೆ ತುಂಬಿ ಹೊರಗೆ ಬಿದ್ದ ನೀರು ಹರಿದುಹೋಗಲು ಊರ ನಡುವೆ ಹಿಂದಿನಿಂದಲೂ ಒಂದು ಹಳ್ಳ ಇತ್ತು. ಬೇಸಿಗೆಯಲ್ಲಿ ಒಣಗಿ ಮಕ್ಕಳು ಆಡುವ ಜಾಗ, ಮಳೆಯಲ್ಲಿ ನೀರಿನ ದಾರಿ. ಆ ಊರಿನ ಹತ್ತಿ ಸಾಹುಕಾರ ಅಡಿವೆಪ್ಪ ತನ್ನ ಮಗನ ಮದುವೆಯ ವರ್ಷ ಆ ಹಳ್ಳಕ್ಕೆ ಗಾಡಿಗಟ್ಟಲೆ ಮಣ್ಣು ಸುರಿಸಿ, ಮೇಲೆ ತನ್ನ ಮನೆಗೆ ಸೇರಿಸಿ ದೊಡ್ಡ ಪಡಸಾಲೆ ಕಟ್ಟಿಸಿದ. ಊರೆಲ್ಲ ಒಟ್ಟಿಗೆ ಕೂತು ಉಣ್ಣುವಂಥ ಪಡಸಾಲೆ. ಮದುವೆಗೆ ಊರೆಲ್ಲ ಬಂತು, ಹೋಳಿಗೆ ತುಪ್ಪ ಉಂಡಿತು, ಕಂಬಗಳನ್ನು ಮುಟ್ಟಿ ಮುಟ್ಟಿ ಹೊಗಳಿತು. ಆ ವರ್ಷದಿಂದಲೇ ನೀರು ಕೆಳಗೇರಿಗೆ ತಿರುಗಿತು. ಎಲ್ಲರಿಗೂ ಗೊತ್ತಿತ್ತು. ಉಂಡ ಬಾಯಲ್ಲಿ ಯಾರು ಹೇಳಬೇಕು? ಸಾಹುಕಾರನಿಗೆ ಪಡಸಾಲೆ ಒಡಿ ಅನ್ನುವುದಕ್ಕಿಂತ ದೂರದಿಂದ ಯಾರನ್ನಾದರೂ ಕರೆಸುವುದೇ ಎಲ್ಲರಿಗೂ ಸುಲಭವಾಗಿ ಕಂಡಿತು.

ಹಾಗಾಗಿ ಹಿರಿಯರೆಲ್ಲ ಕೂಡಿ, ನಮ್ಮೂರು ಇನ್ನು ಹಳ್ಳಿಯಲ್ಲ, ಪೇಟೆ, ನಮಗೊಬ್ಬ ಹಿರೇಮೇಸ್ತ್ರಿ ಬೇಕು ಅಂದರು. ಈಗ ನೀವು ಇಂಜಿನಿಯರು ಅಂತೀರಲ್ಲ, ಅವನೇ. ರಸ್ತೆ, ಬಾವಿ, ಚರಂಡಿ, ಕೆರೆ, ಎಲ್ಲ ಅವನ ಕೈಯಲ್ಲಿ. ಆಗ ಆ ಸೀಮೆಯಲ್ಲಿ ಹಿರೇಮೇಸ್ತ್ರಿ ಅಂದರೆ ಒಂದೇ ಹೆಸರು, ಜಂಬಯ್ಯ. ನೆಲಕ್ಕೆ ಕಿವಿ ಇಟ್ಟರೆ ಕೆಳಗೆ ನೀರು ಯಾವ ಕಡೆ ಹೊರಳುತ್ತಿದೆ ಅಂತ ಹೇಳುತ್ತಿದ್ದನಂತೆ. ಅವನು ತೋಡಿಸಿದ ಕಾಲುವೆಯಲ್ಲಿ ಹೂಳೇ ನಿಲ್ಲುತ್ತಿರಲಿಲ್ಲವಂತೆ. ಒಮ್ಮೆ ಸೊಕ್ಕಿದ ಹೊಳೆಯನ್ನು ಗದರಿಸಿದ, ಅದು ಹಿಂದಕ್ಕೆ ಸರಿದು ನಿಂತಿತು, ಹಾಗಂತ ಹೇಳುತ್ತಾರೆ. ನಿಂತಿತೋ ಇಲ್ಲವೋ ಹೊಳೆಯನ್ನೇ ಕೇಳಬೇಕು.

ದೊಡ್ಡದೊಂದು ಪಟ್ಟಣವನ್ನು ತಲೆ ನರೆಯುವ ತನಕ ನೋಡಿಕೊಂಡವನು ಈಗ ಕೆಲಸ ಬಿಟ್ಟು ತಂಗಿಯ ಊರಲ್ಲಿ ಉಳ್ಳಾಗಡ್ಡಿ ಬೆಳೆಯುತ್ತಿದ್ದ. ಅವನನ್ನು ಕರೆಯಲು ಹೋಗದ ಊರಿಲ್ಲ. ಒಬ್ಬರು ಪಲ್ಲಕ್ಕಿ ತಂದರು, ಒಬ್ಬರು ರೇಷ್ಮೆ ತಂದರು, ಒಬ್ಬರು ಹೆಣ್ಣು ಕೊಡುತ್ತೇವೆ ಅಂದರು. ಮುದುಕ ಎಲ್ಲರಿಗೂ ಮಜ್ಜಿಗೆ ಕೊಟ್ಟು ವಾಪಸು ಕಳಿಸಿದ. ಮುದ್ದನಪೇಟೆಯಿಂದ ಯಾರು ಹೋಗಬೇಕು ಅಂತ ಪ್ರಶ್ನೆ ಬಂದಾಗ ಅಡಿವೆಪ್ಪನೇ ಎದ್ದು ನಿಂತ. ತಾನೇ ಹೋಗಿ ಕರೆತಂದರೆ ಕೆಳಗೇರಿಯವರ ಬಾಯಿ ಮುಚ್ಚುತ್ತದೆ, ಊರಿಗೂ ಉಪಕಾರ ಮಾಡಿದಂತಾಗುತ್ತದೆ ಅಂತ ಅವನ ಲೆಕ್ಕ. ಕೆಟ್ಟವನೇನಲ್ಲ ಅವನು. ತನ್ನನ್ನು ತಾನು ಒಳ್ಳೆಯವನು ಅಂತ ನಂಬಿದ್ದವನು.

ಆ ಸೀಮೆಯಲ್ಲಿ ದೊಡ್ಡ ಕೆಲಸಕ್ಕೆ ಕರೆಯುವುದಿದ್ದರೆ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯ ಇಟ್ಟು ಕೊಡಬೇಕು. ವೀಳ್ಯದ ಮೇಲೆ ಆಡಿದ ಮಾತು ದೇವರ ಮುಂದೆ ಆಡಿದ ಹಾಗೆ. ತೆಗೆದುಕೊಂಡು ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಕರೆದವನೂ ಬಂದವನೂ ಹಿಂದೆ ಸರಿಯುವಂತಿಲ್ಲ. ಅಡಿವೆಪ್ಪ ತಟ್ಟೆ ಹಿಡಿದು ನಿಂತ. ಮುದುಕ ಉಳ್ಳಾಗಡ್ಡಿಯ ಸಾಲಿನಿಂದ ಎದ್ದು ಬಂದು, ಕೈ ತೊಳೆದು, ಎಲೆಗಳನ್ನು ನೋಡಿದ. ಮುಟ್ಟಲಿಲ್ಲ.

“ಸಾವ್ಕಾರ್ರೆ, ನನಗ ಮನಿ ಬ್ಯಾಡ, ಹೊಲ ಬ್ಯಾಡ. ಒಂದ ಮಾತು ಹೇಳ್ರಿ. ನಿಮ್ಮೂರ ಹಳ್ಳದ ದಾರಿ ಖಾಲಿ ಐತೋ, ಯಾರರ ಕಟ್ಟಿಕೊಂಡಾರೋ?”

ಯಾಕೆ ಕೇಳುತ್ತಿದ್ದೇನೆ ಅಂತಲೂ ಅವನೇ ಹೇಳಿದ. ತಾನಿದ್ದ ಪಟ್ಟಣದಲ್ಲಿ ದೊಡ್ಡವನೊಬ್ಬ ನೀರಿನ ದಾರಿಯಲ್ಲಿ ಮಹಲು ಎಬ್ಬಿಸಿದ್ದನಂತೆ. ಮಹಲು ಉಳಿಸಿ ನೀರು ಬಗ್ಗಿಸು ಅಂತ ಎಲ್ಲರೂ ಒತ್ತಾಯ ಮಾಡಿದರಂತೆ. ತಾನು ಬಗ್ಗಿಸಿದನಂತೆ. ಆ ನೀರು ಕುಂಬಾರರ ಓಣಿಯನ್ನು ತಿಂದುಹಾಕಿತಂತೆ. ಆವತ್ತಿಂದ ಮೇಸ್ತ್ರಿ ಅನ್ನಿಸಿಕೊಳ್ಳಲು ನಾಚಿಕೆಯಾಗಿ ಇಲ್ಲಿ ಬಂದು ಕೂತಿದ್ದನಂತೆ.

ಅಡಿವೆಪ್ಪನ ಕಣ್ಣ ಮುಂದೆ ಅವನ ಪಡಸಾಲೆಯ ಕಂಬಗಳು ಬಂದು ನಿಂತವು. ನಿಜ ಹೇಳಿದರೆ ಮುದುಕ ಮಜ್ಜಿಗೆ ಕೊಟ್ಟು ಕಳಿಸುತ್ತಾನೆ. ಬರಿಗೈಯಲ್ಲಿ ಹೋದರೆ ಯಾಕೆ ಬರಲಿಲ್ಲ ಅಂತ ಊರು ಕೇಳುತ್ತದೆ. ನಾಲಿಗೆ ಹೊರಳಿತು.

“ಖಾಲಿ ಐತ್ರಿ ಮೇಸ್ತ್ರಿ.”

ಮುದುಕ ವೀಳ್ಯ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅವನು ಅಗಿಯುವುದನ್ನು ಅಡಿವೆಪ್ಪ ನೋಡಲಾರದೆ ಎತ್ತುಗಳ ಕಡೆ ತಿರುಗಿದ. ದಾರಿಯುದ್ದಕ್ಕೂ ಜಂಬಯ್ಯ ಹೊಸ ಊರಿಗೆ ಹೋಗುವ ಖುಷಿಯಲ್ಲಿ ಮಾತಾಡುತ್ತಲೇ ಇದ್ದ. ಎಷ್ಟು ಬಾವಿ, ಯಾವ ಕಲ್ಲು, ಯಾವ ಗಾಳಿ ಅಂತ ಕೇಳುತ್ತಲೇ ಇದ್ದ. ಅಡಿವೆಪ್ಪ ಹೂಂ ಅಂದ, ಹೂಂ ಅಂದ, ಮುಖ ಮಾತ್ರ ಎತ್ತಲಿಲ್ಲ.

ಜಂಬಯ್ಯನದು ಒಂದು ಪದ್ಧತಿ ಇತ್ತು. ಹೊಸ ಊರಿಗೆ ಬಂದರೆ ಮೊದಲು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಊರ ಹೆಂಗಸರಿಂದ ಒಂದೊಂದು ಕೊಡ ನೀರು ತರಿಸಿ, ಊರ ಮೇಲ್ಗಡೆ ಸುರಿಸಿ, ನೀರು ಹೋದ ಕಡೆ ತಾನೂ ಬರಿಗಾಲಲ್ಲಿ ನಡೆಯುತ್ತಿದ್ದ. ದಾರಿಯಲ್ಲೇ ಈ ಮಾತು ಅಡಿವೆಪ್ಪನ ಕಿವಿಗೆ ಬಿತ್ತು. ಸ್ವಾಗತದ ಏರ್ಪಾಟು ಅಂತ ನೆಪ ಹೇಳಿ ಒಬ್ಬ ಆಳನ್ನು ಮುಂದೆ ಓಡಿಸಿದ. ನೀರು ಹಳೆಯ ದಾರಿಗೆ ನುಗ್ಗದಂತೆ ಪಡಸಾಲೆಯ ಮೂಲೆಗೆ ಹೊಸ ಮಣ್ಣು ಹಾಕಿ ಒಡ್ಡು ಕಟ್ಟಿದರು, ಸಗಣಿ ಸಾರಿಸಿದರು. ಅಡಿವೆಪ್ಪನ ಹೆಂಡತಿ ಸೂಗವ್ವ ಏನೂ ಅನ್ನದೆ ಅದರ ಮೇಲೆ ದೊಡ್ಡ ರಂಗೋಲಿ ಬಿಟ್ಟಳು. ಆಮೇಲೆ ಬಹಳ ವರ್ಷ ಅವಳು ರಂಗೋಲಿ ಮುಟ್ಟಲಿಲ್ಲ, ಹಾಗಂತ ಹೇಳುತ್ತಾರೆ.

ಡೊಳ್ಳು ಬಾರಿಸಿ ಕರೆತಂದರು, ಆರತಿ ಎತ್ತಿದರು. ಕೊಡಗಟ್ಟಲೆ ನೀರು ಸುರಿದರು. ನೀರು ಇಳಿಯಿತು, ಜಂಬಯ್ಯ ಹಿಂದೆ ನಡೆದ, ಊರೆಲ್ಲ ಅವನ ಹಿಂದೆ ನಡೆಯಿತು. ನೀರು ನೇರವಾಗಿ ಪಡಸಾಲೆಯ ಮೂಲೆಗೆ ಬಂತು, ರಂಗೋಲಿಯ ಒಡ್ಡಿಗೆ ತಾಗಿತು, ಒಂದು ಗಳಿಗೆ ತಡೆದು ನಿಂತಿತು, ಕೆಳಗೇರಿಗೆ ಹೊರಳಿತು. ಜಂಬಯ್ಯ ಒಡ್ಡಿನ ಮೇಲೆ ಬರಿಗಾಲು ಇಟ್ಟು ನಿಂತ. ಆಮೇಲೆ ತಿರುಗಿ, ನೀರಿಗೆ ಮೊದಲಿನಿಂದಲೂ ಇದೇ ದಾರಿಯೇ ಅಂತ ಕೇಳಿದ. ಅಡಿವೆಪ್ಪ ಹೌದು ಅಂದ. ಜಂಬಯ್ಯ ಊರಿನವರ ಮುಖ ನೋಡಿದ. ಬಣ್ಣದವರು ನೆಲ ನೋಡಿದರು. ಗಾಣದವರು ಆಕಾಶ ನೋಡಿದರು. ಕೆಳಗೇರಿಯ ನೇಕಾರರು ಕೂಡ ತುಟಿ ಬಿಚ್ಚಲಿಲ್ಲ. ನಿಜ ಹೇಳಿದರೆ ಸಾಹುಕಾರನಿಗೆ ಸಿಟ್ಟು ಬರುತ್ತದೆ ಅಂತ ಅರ್ಧ ಹೆದರಿಕೆ, ಸುಳ್ಳು ತಿಳಿದರೆ ಇಷ್ಟು ಕಷ್ಟಪಟ್ಟು ಕರೆತಂದ ಮೇಸ್ತ್ರಿ ಎದ್ದು ಹೋಗುತ್ತಾನೆ ಅಂತ ಅರ್ಧ ಹೆದರಿಕೆ. ಯಾವ ರೋಗಕ್ಕೆ ವೈದ್ಯನನ್ನು ಕರೆಸಿದ್ದರೋ ಆ ರೋಗವನ್ನೇ ವೈದ್ಯನಿಂದ ಮುಚ್ಚಿಟ್ಟರು. ಅಂಥ ಜನ.

ಜಂಬಯ್ಯ ಕೆಲಸ ಶುರು ಮಾಡಿದ. ಬಣ್ಣದವರ ನೀರನ್ನು ಬೇರೆ ಗುಂಡಿಗೆ ತಿರುಗಿಸಿದ, ಬಾವಿ ತಿಳಿಯಾಯಿತು. ರಸ್ತೆಗೆ ಕಲ್ಲು ಹಾಕಿಸಿದ. ಕೆಳಗೇರಿಯಲ್ಲೇ ನೀರಿನ ದಾರಿ ಅಂದಮೇಲೆ ಅಲ್ಲೇ ಕಾಲುವೆ ತೋಡಿಸಿದ. ನೇಕಾರರು ತಮ್ಮ ಅಂಗಳದ ಅರ್ಧ ಬಿಟ್ಟುಕೊಟ್ಟರು. ಊರೆಲ್ಲ ಜಂಬಯ್ಯನನ್ನು ಕೊಂಡಾಡಿತು. ಕೊಂಡಾಡಿದಷ್ಟೂ ಅಡಿವೆಪ್ಪನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಹೇಳಬೇಕು ಅಂತ ಹೋಗುತ್ತಿದ್ದ, ಬಾವಿ ಚೆನ್ನಾಗಾಯಿತು ಮೇಸ್ತ್ರಿ ಅಂದು ವಾಪಸು ಬರುತ್ತಿದ್ದ.

ಆ ವರ್ಷದ ಮಳೆ ಸಂತೆಯ ದಿನ ಮಟಮಟ ಮಧ್ಯಾಹ್ನ ಹಿಡಿಯಿತು. ಕೆರೆ ತುಂಬಿತು. ಹೊರಬಿದ್ದ ನೀರು ಪಡಸಾಲೆಗೆ ಬಂದು ತಾಗಿತು, ತನ್ನ ದಾರಿ ಸಿಗದೆ ಕೆಳಗೇರಿಯ ಕಾಲುವೆಗೆ ಬಿತ್ತು. ಆ ಕಾಲುವೆ ತಗ್ಗಿನಲ್ಲಿತ್ತು, ಮುಂದೆ ಹೋಗಲು ಇಳಿಜಾರಿಲ್ಲ. ಉಕ್ಕಿತು. ಕೆಳಗೇರಿಯಲ್ಲಿ ಎಲ್ಲರದೂ ಕುಣಿಮಗ್ಗ, ನೆಲದಲ್ಲಿ ಕುಣಿ ತೋಡಿ ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವುದು. ಮಾನಪ್ಪ ಅಂತ ಒಬ್ಬ ಮುದುಕ ಹಾಗೆ ಕೂತಿದ್ದ. ವಯಸ್ಸಿಗೆ ಮೊಣಕಾಲು ಹಿಡಿದುಹೋಗಿದ್ದವನಿಗೆ ಬೇಗ ಮೇಲೆ ಬರಲಾಗಲಿಲ್ಲ. ನೀರು ಬಂತು, ಹಿಂದೆಯೇ ಮಣ್ಣಿನ ಗೋಡೆ ಬಂತು. ಮಾನಪ್ಪನನ್ನು ಅವನೇ ನೇಯುತ್ತಿದ್ದ ಸೀರೆಯಲ್ಲಿ ಸುತ್ತಿ ಹೊರಗೆ ತಂದರು.

ಮಾರನೆಯ ದಿನ ಊರು ಯಾರನ್ನು ಬೈದಿತು ಗೊತ್ತೇ? ಜಂಬಯ್ಯನನ್ನು. ಎಲ್ಲ ಗೊತ್ತಿದ್ದ ಊರೇ, ದೊಡ್ಡ ಮೇಸ್ತ್ರಿ ಅಂತ ಕರೆತಂದೆವು, ಓಣಿ ಮುಳುಗಿಸಿದ ಅಂದಿತು. ಜಂಬಯ್ಯ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕೆಸರಲ್ಲಿ ಕಾಲೆಳೆಯುತ್ತಾ, ಕೆಳಗೇರಿಯ ಮನೆ ಮನೆ ಬಾಗಿಲಿಗೆ ಹೋಗಿ ಕೈಮುಗಿದು ನನ್ನ ಲೆಕ್ಕ ತಪ್ಪಿತು ಅಂದ.

ಈ ಸುದ್ದಿ ಅಡಿವೆಪ್ಪನ ಮನೆಗೂ ಬಂತು. ಪಡಸಾಲೆಗೆ ಒಂದು ಹನಿ ನೀರೂ ಬಂದಿರಲಿಲ್ಲ. ಕಂಬಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದವು. ಅಡಿವೆಪ್ಪ ಒಂದು ಕಂಬಕ್ಕೆ ಒರಗಿ ಮುಖ ಮುಚ್ಚಿಕೊಂಡು ಕೂತಿದ್ದ. ಸೂಗವ್ವ ಬಂದು ಎದುರಿಗೆ ನಿಂತಳು.

“ಆ ಮುದುಕ ನಿಮ್ಮ ಪಾಪ ಹೊತ್ತು ಮನಿ ಮನಿ ಬಾಗಲಾಗ ತಲಿ ತಗ್ಗಿಸ್ಯಾನ. ನೀವು ಹೋಗಿ ಹೇಳ್ತೀರೋ, ನಾನು ಹೋಗಿ ಹೇಳ್ಲೋ? ಹೇಳೂದಂತೂ ಇವತ್ತ ಆಗಬೇಕು.”

ಅಡಿವೆಪ್ಪ ಎದ್ದ. ಚಪ್ಪಲಿ ಮೆಟ್ಟಲಿಲ್ಲ. ತನ್ನ ಮನೆಯಿಂದ ಕೆಳಗೇರಿ ಕೂಗಳತೆಯ ದೂರ, ಆದರೆ ಆ ದಾರಿ ಆವತ್ತು ಸವೆಯಲೇ ಇಲ್ಲವಂತೆ. ಜಂಬಯ್ಯ ಆಗ ಮಾನಪ್ಪನ ಹೆಂಡತಿ ಲಚುಮವ್ವನ ಬಾಗಿಲಲ್ಲಿ ಬರಿದಲೆಯಲ್ಲಿ ನಿಂತಿದ್ದ. ಓಣಿಯೆಲ್ಲ ಸೇರಿತ್ತು. ಅಡಿವೆಪ್ಪ ಎಲ್ಲರೆದುರು ಕೆಸರಲ್ಲಿ ಕುಸಿದು ಕೂತು ಹೇಳಿದ. ವೀಳ್ಯದ ಮೇಲೆ ಆಡಿದ ಸುಳ್ಳು ಹೇಳಿದ, ರಂಗೋಲಿಯ ಕೆಳಗಿನ ಹಸಿ ಮಣ್ಣು ಹೇಳಿದ, ಮಾನಪ್ಪನನ್ನು ಕೊಂದದ್ದು ನನ್ನ ಪಡಸಾಲೆ ಅಂದ.

ಮೊದಲು ಮಾತಾಡಿದವನು ಜಂಬಯ್ಯ.

“ಮಣ್ಣು ಹಸಿ ಐತಿ ಅಂತ ನನ್ನ ಕಾಲಿಗೆ ಆವತ್ತ ತಿಳಿದಿತ್ತು ಸಾವ್ಕಾರ್ರೆ. ಈ ವಯಸ್ಸಿನ್ಯಾಗ ಮತ್ತೊಮ್ಮೆ ಮೇಸ್ತ್ರಿ ಅನ್ನಿಸ್ಕೊಳ್ಳೂ ಆಸೆ. ಅದಕ್ಕ ಕಾಲಿನ ಮಾತು ಬಿಟ್ಟು ನಿಮ್ಮ ಮಾತು ಹಿಡಿದೆ. ಒಮ್ಮೆ ಬಗ್ಗಿಸಿ ಒಂದು ಓಣಿ ಕಳೆದಿದ್ದೆ. ಮತ್ತ ಅದನ್ನ ಮಾಡಿದೆ.”

ಆಗ ಲಚುಮವ್ವ ಬಾಗಿಲು ಹಿಡಿದುಕೊಂಡು ಎದ್ದಳು. ಅವಳ ದನಿ ಜೋರಾಗಿರಲಿಲ್ಲ.

“ನಮಗೂ ಗೊತ್ತಿತ್ತಲ್ರೀ. ನನಗ ಗೊತ್ತಿತ್ತು, ನಮ್ಮ ಯಜಮಾನ್ರಿಗೂ ಗೊತ್ತಿತ್ತು. ಆ ಪಡಸಾಲ್ಯಾಗ ನಾವಿಬ್ಬರೂ ಹೋಳಿಗಿ ಉಂಡಿದ್ವಿ.”

ಆಮೇಲೆ ಅವಳು ಅಡಿವೆಪ್ಪನನ್ನು ಕ್ಷಮಿಸಿದಳು ಅಂತ ಕೆಲವರು ಕಥೆ ಕಟ್ಟುತ್ತಾರೆ. ನಂಬಬೇಡಿ. ಅವಳು ಒಳಗೆ ಹೋದಳು, ಅಷ್ಟೇ. ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಲಾರದೆ ಚದುರಿದರು.

ಮುಗಿಲು ಮತ್ತೆ ಕಟ್ಟುತ್ತಿತ್ತು. ಅಡಿವೆಪ್ಪ ಮನೆಗೆ ಬಂದು ಹಾರೆ ತೆಗೆದುಕೊಂಡು, ಆಳುಗಳನ್ನು ಕರೆಯದೆ, ಪಡಸಾಲೆಯ ನಡುಗೋಡೆಗೆ ತಾನೇ ಮೊದಲ ಏಟು ಹಾಕಿದ. ಹತ್ತಿ ತಕ್ಕಡಿ ಬಿಟ್ಟು ಬೇರೇನೂ ಹಿಡಿಯದ ಕೈ, ಬೊಬ್ಬೆ ಬಂದು ಒಡೆಯಿತು. ಸೂಗವ್ವ ಬುಟ್ಟಿ ಹಿಡಿದಳು. ಸ್ವಲ್ಪ ಹೊತ್ತಿಗೆ ಜಂಬಯ್ಯ ಬಂದ. ಆಮೇಲೆ ಬಣ್ಣದವರು ಬಂದರು, ಗಾಣದವರು ಬಂದರು, ಗುದ್ದಲಿ ಹಾಕಿದರು. ಮುಂದಿನ ಮಳೆ ಬೀಳುವ ಹೊತ್ತಿಗೆ ಹಳ್ಳ ತೆರೆದಿತ್ತು. ನೀರು ಮನೆಯ ನಟ್ಟನಡುವೆ ತನ್ನ ಹಳೆಯ ದಾರಿ ಹಿಡಿದು ಹೋಯಿತು. ಅಡಿಗೆಮನೆ ಒಂದು ದಂಡೆಯಲ್ಲಿ ಉಳಿಯಿತು, ಪಡಸಾಲೆಯ ತುಂಡು ಇನ್ನೊಂದು ದಂಡೆಯಲ್ಲಿ ಉಳಿಯಿತು.

ಜಂಬಯ್ಯ ಊರು ಬಿಟ್ಟು ಹೋಗಲಿಲ್ಲ. ಕೆಳಗೇರಿಯಲ್ಲೇ ಒಂದು ಗುಡಿಸಲು ಹಾಕಿಕೊಂಡು, ಮುಚ್ಚಿದ್ದ ದಾರಿಗಳನ್ನೆಲ್ಲ ಒಂದೊಂದಾಗಿ ಬಿಡಿಸುತ್ತಾ ಮುಪ್ಪಾದ. ರುಮಾಲು ಮಾತ್ರ ಮತ್ತೆ ಸುತ್ತಲಿಲ್ಲ. ಕೊನೆಗೆ ಒಂದು ಮಳೆಗಾಲದ ಬೆಳಗ್ಗೆ ಹಳ್ಳದ ನೀರಿನ ಹಿಂದೆ ನಡೆಯುತ್ತಾ ಊರು ದಾಟಿದ, ಹೊಲ ದಾಟಿದ, ತಿರುಗಿ ಬರಲಿಲ್ಲ. ನೀರಿನ ಜೊತೆಗೇ ಹೋದ, ಹಾಗಂತ ಹೇಳುತ್ತಾರೆ.

ಈಗಲೂ ಮುದ್ದನಪೇಟೆಯಲ್ಲಿ ಯಾರಾದರೂ ಮನೆ ಕಟ್ಟುವುದಿದ್ದರೆ ಪಾಯ ತೆಗೆಯುವ ಮೊದಲು ನೆರೆಯವರನ್ನೆಲ್ಲ ಕರೆಯುತ್ತಾರೆ. ಜಾಗದ ಮೇಲ್ಗಡೆ ಕೊಡ ನೀರು ಸುರಿದು ಎಲ್ಲರೂ ಬರಿಗಾಲಲ್ಲಿ, ಬರಿದಲೆಯಲ್ಲಿ ಹಿಂದೆ ನಡೆಯುತ್ತಾರೆ. ನೀರಿಗೆ ಇದೇ ದಾರಿಯೇ ಅಂತ ಹಿರಿಯರೊಬ್ಬರು ಕೇಳುತ್ತಾರೆ. ಪ್ರತಿಯೊಬ್ಬರೂ ಬಾಯಿ ಬಿಟ್ಟು ಹೌದು ಅಥವಾ ಅಲ್ಲ ಅನ್ನಲೇಬೇಕು. ಸುಮ್ಮನಿರುವಂತಿಲ್ಲ.

ಅಡಿವೆಪ್ಪನ ಮನೆಯವರು ಇನ್ನೂ ಅಲ್ಲೇ ಇದ್ದಾರೆ, ಅದೇ ಎರಡು ತುಂಡು ಮನೆಯಲ್ಲಿ. ಅಡಿಗೆ ಆಚೆ ದಂಡೆಯಲ್ಲಿ, ಊಟ ಈಚೆ ದಂಡೆಯ ಪಡಸಾಲೆಯಲ್ಲಿ. ನಡುವೆ ಒಂದು ಹಲಗೆ ಹಾಕಿಕೊಳ್ಳಬಹುದಿತ್ತು, ಕೈಲಾಗದವರೇನಲ್ಲ. ಹಾಕಿಲ್ಲ. ಮಳೆಗಾಲ ಬಂತೆಂದರೆ ಮನೆಯ ಯಜಮಾನನೂ, ಹೊಸದಾಗಿ ಬಂದ ಸೊಸೆಯೂ, ನೆಂಟರೂ ಆ ನೀರಿಗೆ ಇಳಿದೇ ದಾಟಬೇಕು. ಕಾಲು ಒದ್ದೆಯಾಗದೆ ಆ ಮನೆಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ.