ಕೂದಲೆಳೆಯಷ್ಟು ಹೆಚ್ಚಿಗೆ

ನದಿದಡದ ಆಶ್ರಮವೊಂದರಲ್ಲಿ ಮೌನೇಶಾಚಾರ್ಯರೆಂಬ ಗುರುಗಳು ಮರಗೆಲಸ ಕಲಿಸುತ್ತಿದ್ದರು. ಕಾಳಪ್ಪ ಅವರ ಶಿಷ್ಯ. ನಲವತ್ತು ದಾಟಿದವನು. ಹಿಂದೆ ಇಬ್ಬರು ಗುರುಗಳು ‘ನಿನ್ನ ಕೈಗೆ ಈ ಕೆಲಸ ಹತ್ತೋದಿಲ್ಲ’ ಎಂದು ಕಳಿಸಿಬಿಟ್ಟಿದ್ದರು. ಇಲ್ಲಿಯೂ ಹಾಗಾದರೆ ಇನ್ನು ಯಾರ ಬಾಗಿಲು ತಟ್ಟುವುದು ಅನ್ನುವ ದಿಗಿಲು ಅವನನ್ನು ಬಿಟ್ಟೇ ಇರಲಿಲ್ಲ.

ಒಂದು ದಿನ ಗುರುಗಳು ಪುಸ್ತಕದ ಕಪಾಟಿಗೆಂದು ತಂದ ಪ್ಲೈವುಡ್ ಹಲಗೆಯನ್ನು ಅವನ ಮುಂದಿಟ್ಟರು.

“ಅಂಚಿಗೆ ಸಾಗುವಾನಿ ಪಟ್ಟಿ ಅಂಟಿಸು. ನೀನೊಬ್ಬನೇ ಮಾಡು.”

ಕಾಳಪ್ಪ ಪಟ್ಟಿಯನ್ನು ಹಲಗೆಯ ದಪ್ಪಕ್ಕೆ ಸರಿಯಾಗಿ, ಎಳ್ಳಷ್ಟೂ ಹೆಚ್ಚುಕಮ್ಮಿ ಇಲ್ಲದಂತೆ ಸೀಳಿದ. ಅಂಟು ಬಳಿದು ಬಿಗಿದ. ಅಂಟು ಹಸಿಯಿರುವಾಗ ಪಟ್ಟಿ ಸುಮ್ಮನಿರುತ್ತದೆಯೇ? ತುಸು ಕೆಳಗೆ ಜಾರಿತು. ಒಣಗಿದ ಮೇಲೆ ನೋಡಿದರೆ ಪಟ್ಟಿ ತಗ್ಗಿನಲ್ಲಿ, ಹಲಗೆ ಮೇಲೆ.

ಸಮ ಮಾಡಬೇಕಲ್ಲ, ಪುಣ್ಯಾತ್ಮ ಹಲಗೆಯ ಮೇಲೆಯೇ ಮರ ಹೆರೆಯುವ ಉಜ್ಜುಗೊರಡು ಓಡಿಸಿದ. ಪ್ಲೈವುಡ್ಡಿನ ಮೇಲ್ಪದರ ಇರುವುದೇ ಈರುಳ್ಳಿ ಸಿಪ್ಪೆಯಷ್ಟು. ಎರಡೇ ಎಳೆತಕ್ಕೆ ಅದು ಹರಿದು ಒಳಗಿನ ಕಪ್ಪು ಪದರ ಕಾಣಿಸಿತು.

ಕಾಳಪ್ಪ ಅಂಟಿನಲ್ಲಿ ಮರದ ಪುಡಿ ಕಲಸಿ ಮೆತ್ತಿದ. ಆಮೇಲೆ ಹೋಗಿ ತನ್ನ ಬಟ್ಟೆಯ ಗಂಟು ಕಟ್ಟಿಟ್ಟ.

ಗುರುಗಳು ಬಂದು ಅಂಚಿನುದ್ದಕ್ಕೂ ಹೆಬ್ಬೆರಳು ಸವರಿದರು. ಮೆತ್ತಿದ ಕಡೆ ಬೆರಳು ನಿಂತಿತು.

“ಹಲಗೆಯನ್ನು ಯಾಕೆ ಕೆರೆದೆ?”

“ಪಟ್ಟಿ ತಗ್ಗಾಯಿತು ಗುರುಗಳೇ. ಒಂಚೂರೂ ತಪ್ಪಬಾರದು ಅಂತ ಮೊದಲೇ ಅಳತೆಗೆ ಸರಿಯಾಗಿ ಸೀಳಿದ್ದೆ.”

“ಆ ಗಂಟು ಯಾಕೆ?”

“ನೀವು ಹೋಗು ಅನ್ನೋ ಮೊದಲೇ ಹೊರಡೋಣ ಅಂತ.”

ಗುರುಗಳು ಗರಗಸ ತಂದು ಕೆಟ್ಟ ಅಂಚನ್ನು ಎರಡು ಬೆರಳಗಲ ಕೊಯ್ದು ತೆಗೆದರು. ಆ ಜಾಗ ತುಂಬುವಷ್ಟು ಅಗಲದ ಬೇರೆ ಪಟ್ಟಿ ಸೀಳಿ ಅಂಟಿಸಿದರು. ಈ ಪಟ್ಟಿ ಹಲಗೆಗಿಂತ ಮೇಲೊಂದು ಕೂದಲೆಳೆ, ಕೆಳಗೊಂದು ಕೂದಲೆಳೆ ದಪ್ಪವಿತ್ತು.

ಅಂಟು ಒಣಗಿದ ಮೇಲೆ ಉಜ್ಜುಗೊರಡನ್ನು ಅವನ ಕೈಗಿತ್ತರು.

“ಹಲಗೆಯ ತಂಟೆಗೆ ಹೋಗಬೇಡ. ಪಟ್ಟಿಯನ್ನಷ್ಟೇ ಹೆರೆ.”

ಕಾಳಪ್ಪ ಉಸಿರು ಬಿಗಿಹಿಡಿದು ಹೆರೆದ. ಕಣ್ಣು ಮುಚ್ಚಿ ಬೆರಳಾಡಿಸಿದ. ಪಟ್ಟಿ ಎಲ್ಲಿ ಮುಗಿದು ಹಲಗೆ ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ.

“ಅಬ್ಬ, ಉಳಿಯಿತು,” ಎಂದ. ಎದೆಯ ಭಾರ ಇಳಿದು ಕಣ್ಣಲ್ಲಿ ನೀರು ಬಂತು. “ಗುರುಗಳೇ, ಹಾಗಾದರೆ ನಾನು ಇಲ್ಲೇ ಇರಬಹುದೇ?”

ಗುರುಗಳು ಅವನ ಗಂಟು ಬಿಚ್ಚಿ, ಪಂಚೆಯನ್ನು ಕೊಡವಿ ಮೊದಲಿನಂತೆ ಹಗ್ಗದ ಮೇಲೆ ಹಾಕಿದರು.

“ನೀನು ಸಮವಾಗಿಯೇ ಬಂದಿದ್ದರೆ ಕಾಳಪ್ಪ, ನಾನು ಹೆರೆಯೋದಕ್ಕೆ ಏನಿರುತ್ತಿತ್ತು?”