ಶನಿವಾರದ ಬಾಳೆಹಣ್ಣು

ಹೊನ್ನಕುಂದದ ದೊರೆ ಸಿಂಗರಸನಿಗೆ ಒಂದು ಹಮ್ಮಿತ್ತು. ತನ್ನ ಅಪ್ಪಣೆಯಿಲ್ಲದೆ ಪಟ್ಟಣದಲ್ಲಿ ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ ಅಂತ ದಿನಾ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳಿಕೊಳ್ಳುತ್ತಿದ್ದಾಗಲೇ ಒಂದು ಬೆಳಿಗ್ಗೆ ಗಡವ ಮಂಗವೊಂದು ಕಿಟಕಿಯಿಂದ ನುಗ್ಗಿ, ದೊರೆಯ ಪೇಟ ಕಿತ್ತುಕೊಂಡು, ಗೋಪುರ ಹತ್ತಿ ತನ್ನ ತಲೆಗೆ ಹಾಕಿಕೊಂಡಿತು. ಬೀದಿಯ ಜನ ಕೈಮುಗಿದರು. ಯಾರಿಗೆ ಮುಗಿದರೋ ದೇವರಿಗೇ ಗೊತ್ತು.

ದೊರೆಗೆ ಮೈಯೆಲ್ಲ ಉರಿದುಹೋಯಿತು. ಊರಿನವರು ಮಂಗನ ಕಾಟಕ್ಕೆ ವರ್ಷಗಟ್ಟಲೆ ಗೋಳಾಡಿದಾಗ, ಸಹಿಸಿಕೊಳ್ಳಿ, ಅವೂ ಜೀವಗಳೇ ಅಂದಿದ್ದ ಮಹಾನುಭಾವ ಇವನೇ. ತನ್ನ ಪೇಟ ಹೋದ ಮೇಲೆ ಬಲೆಯವರನ್ನು ಕರೆಸಿದ. ಅವರು ಮಂಗಗಳನ್ನು ಹಿಡಿದು ಹೊಳೆಯಾಚೆ ಬಿಟ್ಟು ಬಂದರು. ಬಿಟ್ಟವರು ಮನೆ ಸೇರುವ ಮೊದಲೇ ಮಂಗಗಳು ಅವರ ಮನೆಯ ಮಾಡು ಸೇರಿದ್ದವು. ಮಾಳಿಗೆ ಮೇಲೆ ಸಂಡಿಗೆ ಒಣಗಿಸುವುದರಿಂದಲೇ ಮಂಗಗಳು ಬರುತ್ತವೆ ಎಂದು ಯಾರೋ ಹೇಳಿದರು. ಸರಿ, ಸಂಡಿಗೆಯನ್ನೇ ನಿಷೇಧಿಸಿದ. ಊರಿನವರು ಬರೀ ಅನ್ನ ಸಾರು ಉಂಡರು, ಮಂಗಗಳು ಆ ಅನ್ನವನ್ನೂ ಹೊತ್ತೊಯ್ದವು.

ಕೊನೆಗೆ ಆಸ್ಥಾನದ ವಿದೂಷಕ ಲಕ್ಕರಸನ ಕಡೆ ದೊರೆಯ ಬೆರಳು ತಿರುಗಿತು.

"ಎಲ್ಲದಕ್ಕೂ ಹಲ್ಲು ಕಿರಿಯುತ್ತೀಯಲ್ಲ, ಮುಂದಿನ ಶನಿವಾರದೊಳಗೆ ಊರಲ್ಲಿ ಒಂದು ಮಂಗವೂ ಇರಕೂಡದು. ಇದ್ದರೆ ನೀನಿರಕೂಡದು."

ಲಕ್ಕರಸನ ನಗು ಬತ್ತಿಹೋಯಿತು. ಹುಟ್ಟಿ ಬೆಳೆದ ಊರು, ಮನೆಯಲ್ಲಿ ಬಾಣಂತಿ ಮಗಳು. ಹಸುಗೂಸು ಕಟ್ಟಿಕೊಂಡು ಎಲ್ಲಿಗಂತ ಹೋಗುವುದು? ಮನೆಗೆ ಬಂದರೆ ಹೆಂಡತಿ ದೇಮವ್ವ ಆಗಲೇ ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಬಾಯಿಗೆ ಬೀಗ ಹಾಕಿಕೊಳ್ಳಿ ಅಂತ ಎಷ್ಟು ಬಡಕೊಂಡೆ ಎಂದು ಗೊಣಗಿದಳು. ಆಮೇಲೆ ಗಂಟು ಬಿಗಿಯುತ್ತ, ಆ ಮಂಗಗಳಾದರೂ ಶನಿವಾರದ ಔತಣ ಬಿಟ್ಟು ಎಲ್ಲಿಗೆ ಹೋಗುತ್ತವೆ ಹೇಳಿ ಎಂದಳು.

ತಲೆಮೇಲೆ ಕೈಹೊತ್ತು ಕೂತಿದ್ದ ಲಕ್ಕರಸ ಎದ್ದುನಿಂತ.

ಔತಣ ಯಾರದು ಅಂತೀರಿ? ಸಾಕ್ಷಾತ್ ದೊರೆಯದು. ಶನಿಕಾಟ ಕಳೆಯಲಿ ಎಂದು ಆಸ್ಥಾನದ ಜೋಯಿಸರು ಹೇಳಿದ್ದರಿಂದ, ಅವನು ಪ್ರತಿ ಶನಿವಾರ ಅರಮನೆಯ ಮೆಟ್ಟಿಲ ಮೇಲೆ ಕೂತು, ಜಾಗಟೆ ಹೊಡೆಸಿ, ಮಂಗಗಳಿಗೆ ಕೈಯಾರೆ ಬುಟ್ಟಿಗಟ್ಟಲೆ ಬಾಳೆಹಣ್ಣು ತಿನ್ನಿಸುತ್ತಿದ್ದ. ಪುಣ್ಯವೆಲ್ಲ ಅವನಿಗೆ. ಮಿಕ್ಕ ದಿನ ಮಂಗಗಳ ಊಟ ಊರಿನವರ ಅಡುಗೆಮನೆಯಲ್ಲಿ. ಇದು ಎಲ್ಲರಿಗೂ ಗೊತ್ತಿತ್ತು, ದೊರೆಯ ಮುಂದೆ ಬಾಯಿಬಿಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಮರುದಿನ ಲಕ್ಕರಸ ದೊರೆಯೆದುರು ಅಡ್ಡಬಿದ್ದ.

"ಪ್ರಭು, ಇವು ಕಾಡಿನ ಮಂಗಗಳಲ್ಲ. ಯಾರೋ ಸಾಕಿದ್ದಾರೆ. ಆ ಪುಣ್ಯಾತ್ಮನನ್ನು ಊರಾಚೆ ಅಟ್ಟಿದರೆ ಇವೂ ಅವನ ಬೆನ್ನಿಗೇ ಹೋಗುತ್ತವೆ."

"ಯಾರವನು?"

"ನಾನು ಹೇಳಿದರೆ ಚಾಡಿ ಅಂತೀರಿ. ಮಂಗಗಳೇ ತೋರಿಸಲಿ."

ದೊರೆಗೆ ಎಲ್ಲಿಲ್ಲದ ಹುರುಪು ಬಂತು. ಸಾಕಿದವನು ತನ್ನ ಭಾವಮೈದುನನಾದರೂ ಸರಿಯೇ, ಅರ್ಧ ಮೀಸೆ ಬೋಳಿಸಿ, ಕತ್ತೆಯ ಮೇಲೆ ಹಿಂದುಮುಂದಾಗಿ ಕೂರಿಸಿ ಅಟ್ಟುತ್ತೇನೆ ಎಂದು ಊರೆಲ್ಲ ಡಂಗುರ ಹೊಡೆಸಿದ.

ಬುಧವಾರ ಅರಮನೆಯ ಅಂಗಳದಲ್ಲಿ ಊರೇ ನೆರೆಯಿತು. ದೊರೆ ಮೆಟ್ಟಿಲ ಮೇಲೆ ಠೀವಿಯಿಂದ ಕೂತ. ಒಂದು ಪಕ್ಕ ಕ್ಷೌರಿಕ, ಇನ್ನೊಂದು ಪಕ್ಕ ಕತ್ತೆ. ಲಕ್ಕರಸ ಸುಮ್ಮನೆ ಹೋಗಿ ಜಾಗಟೆ ಬಾರಿಸಿದ.

ಮಾಡುಗಳಿಂದ, ಮರಗಳಿಂದ, ಹಿತ್ತಲುಗಳಿಂದ ಮಂಗಗಳು ದಬದಬನೆ ಇಳಿದು ಬಂದವು. ನೆರೆದ ಜನರನ್ನು ತಿರುಗಿಯೂ ನೋಡದೆ ಸೀದಾ ದೊರೆಯ ಬಳಿಗೆ ಓಡಿದವು. ಒಂದು ಹೆಗಲೇರಿತು. ಇನ್ನೊಂದು ಮರಿಯನ್ನು ತಬ್ಬಿಕೊಂಡೇ ಅವನ ತೊಡೆಯ ಮೇಲೆ ಕೂತಿತು. ಪೇಟ ಕದ್ದ ಗಡವ, ಪೇಟ ಹಾಕಿಕೊಂಡೇ ಬಂದು, ದೊರೆಯ ಮುಷ್ಟಿ ಹಿಡಿದು, ಹಣ್ಣೆಲ್ಲಿ ಎಂಬಂತೆ ಒಂದೊಂದೇ ಬೆರಳು ಬಿಡಿಸತೊಡಗಿತು.

ಕ್ಷೌರಿಕ ಕತ್ತಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಜೋಯಿಸರು ಮೆಲ್ಲಗೆ ಹಿಂಬಾಗಿಲ ದಾರಿ ಹಿಡಿದರು. ದೊರೆಯ ಇನ್ನೊಂದು ಕೈ ಅವನಿಗೇ ಗೊತ್ತಿಲ್ಲದೆ ಮೀಸೆ ಮುಚ್ಚಿಕೊಂಡಿತ್ತು.

"ಲಕ್ಕರಸ," ಎಂದ ದೊರೆ ದನಿ ತಗ್ಗಿಸಿ, "ಆ ಕತ್ತೆಯನ್ನು ಕಳಿಸಿಬಿಡಯ್ಯ."

"ಕಳಿಸಬಹುದು ಪ್ರಭು. ಆದರೆ ಆ ಡಂಗುರ ಕೇಳಿದ ಜನಕ್ಕೆ ಇನ್ನೊಂದು ಡಂಗುರ ಕೇಳಿಸಬೇಕಲ್ಲ."

ಅದರಲ್ಲಿ ಏನಿರಬೇಕೆಂದು ಅವನೇ ಹೇಳಿಕೊಟ್ಟ. ಶನಿವಾರದ ಹಣ್ಣು ನಿಲ್ಲಬೇಕು. ಆನೆಲಾಯ ಕಟ್ಟಲೆಂದು ಗುಡ್ಡದಲ್ಲಿ ಕಡಿಸಿದ, ಮೊದಲು ಮಂಗಗಳ ಹೊಟ್ಟೆ ತುಂಬಿಸುತ್ತಿದ್ದ ಅತ್ತಿ, ನೇರಳೆ ಮರಗಳನ್ನು ದೊರೆ ಮತ್ತೆ ನೆಡಿಸಬೇಕು. ಅವು ಹಣ್ಣು ಬಿಡುವ ತನಕ ಮಂಗ ಊರಲ್ಲಿ ಕಂಡರೆ ಯಾರನ್ನೂ ಅಟ್ಟಕೂಡದು, ಮಂಗವನ್ನಾಗಲಿ ವಿದೂಷಕನನ್ನಾಗಲಿ. ಸಂಡಿಗೆ ಎಂದಿನಂತೆ ಒಣಗಬೇಕು.

ಕತ್ತೆಯ ಕಡೆ ನೋಡುತ್ತಲೇ ದೊರೆ ಎಲ್ಲಕ್ಕೂ ತಲೆಯಾಡಿಸಿದ. ಆದರೂ ಒಂದು ಅಳುಕು ಹೋಗಲಿಲ್ಲ.

"ಹಣ್ಣು ನಿಲ್ಲಿಸಿಬಿಟ್ಟರೆ ಶನಿಯ ಗತಿ ಏನಯ್ಯ? ಹಣ್ಣು ಹಾಕಿದರೆ ನನ್ನನ್ನು ಬಿಟ್ಟುಹೋಗುತ್ತಾನೆ ಅಂದಿದ್ದರಲ್ಲ ಜೋಯಿಸರು."

"ಜೋಯಿಸರ ಮಾತು ಸುಳ್ಳಾಗಲಿಲ್ಲ ಪ್ರಭು," ಎಂದ ಲಕ್ಕರಸ. "ಶನಿ ನಿಮ್ಮನ್ನು ಬಿಟ್ಟು ಎಷ್ಟೋ ಕಾಲವಾಯಿತು. ಬಾಲ ಬೆಳೆಸಿಕೊಂಡು ಊರಿನವರ ಹೆಗಲೇರಿದ್ದಾನೆ, ಅಷ್ಟೆ."

ದೊರೆ ಒಂದು ಗಳಿಗೆ ಕಣ್ಣು ಕೆಂಪಗೆ ಮಾಡಿದ. ಆಮೇಲೆ ತೊಡೆಯ ಮೇಲಿದ್ದ ಮಂಗ ಬೆದರಿ ಇಳಿದು ಓಡುವ ಹಾಗೆ ನಕ್ಕ. ಬಹುಮಾನವಾಗಿ ಹೊದಿಸೋಣವೆಂದು ತನ್ನ ಹೆಗಲಿಗೆ ಕೈ ಹಾಕಿದರೆ ಜರಿಶಾಲು ಆಗಲೇ ಗೋಪುರ ಸೇರಿತ್ತು.

ಲಕ್ಕರಸ ಬರಿಗೈಯಲ್ಲೇ ಮನೆಗೆ ಬಂದು, ಗಂಟು ಬಿಚ್ಚೇ ಮಾರಾಯ್ತಿ, ಸಂಡಿಗೆ ಹಿಟ್ಟು ಕಲಸು ಎಂದ.