ಬಾಯಿಹಾಕದ ಬನ

ಗುಂಡಿನಹಟ್ಟಿಯ ಬೋಳುಗುಡ್ಡದ ತಪ್ಪಲಲ್ಲಿ, ಹಾಳುಬಿದ್ದ ಕೋಟೆಬಾಗಿಲಿನಿಂದ ಕೆರೆಗೆ ಇಳಿಯುವ ದಾರಿಯ ಪಕ್ಕ, ಬಿರುಬೇಸಿಗೆಯಲ್ಲೂ ಕೆಂಪಗೆ ಹೂ ಬಿಡುವ ಕಣಗಿಲೆಯ ಮೆಳೆಯೊಂದಿದೆ. ಸುತ್ತಲಿನವರು ಅದನ್ನು ಬಾಯಿಹಾಕದ ಬನ ಎನ್ನುತ್ತಾರೆ. ಹೆಸರು ಕೇಳಿ ಹೊಸಬರು ನಗುವುದುಂಟು. ನಗಲಿ, ಅದನ್ನು ಮೊದಲು ಇಟ್ಟವಳೂ ನಗುತ್ತಲೇ ಇಟ್ಟಳಂತೆ.

ಹಿಂದೆ ಒಮ್ಮೆ ಆ ಕೋಟೆಯನ್ನು ಆಳುತ್ತಿದ್ದ ಪಾಳೆಯಗಾರನ ಮಡದಿ ಚೆನ್ನಾಜಿ ನಾಗತಿಗೆ ಹೂದೋಟದ ಹುಚ್ಚು. ಬಾಗಿಲಿಗೆ ಬಂದವರ ಕಣ್ಣು ಮೊದಲು ಹೂವಿನ ಮೇಲೆಯೇ ನಿಲ್ಲಬೇಕೆಂಬುದು ಅವಳ ಹಟ. ತೋಟಗಾರ ಸೂರಯ್ಯ ಎಲ್ಲೆಲ್ಲಿಂದಲೋ ಸಂಪಿಗೆ ತಂದ, ಪಾರಿಜಾತ ತಂದ, ದಾಸವಾಳ ತಂದ. ಚಿಗುರಿದ್ದೇ ತಡ, ಎಲ್ಲ ದನಗಳ ಪಾಲು. ದೇವರ ಎತ್ತುಗಳು ಕೆರೆಗೆ ಹೋಗುವ ದಾರಿ ಅದೇ ಆಗಿತ್ತು. ಹೆಗಲಿಗೆ ನೊಗ ಕಾಣದ, ದೇವರಿಗೆಂದೇ ಬಿಟ್ಟ ಆ ಎತ್ತುಗಳಿಗೆ ಬೇಲಿ ಅಡ್ಡ ಹಾಕುವ ಎದೆ ಪಾಳೆಯಗಾರನಿಗೂ ಇರಲಿಲ್ಲ. ಕೊನೆಗೆ ನಾಗತಿ ಸಿಡಿದಳು: "ದನ ಬಾಯಿ ಹಾಕ್ದೇ ಇರೋಂಥ ಗಿಡ ನೆಡು ಸೂರಯ್ಯ. ಇಲ್ಲಾಂದ್ರೆ ಗುದ್ದಲಿ ಇಟ್ಟು ಊರು ಬಿಡು."

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಆದರೆ ಹಸಿ ಕಣಗಿಲೆಯನ್ನು ಆಡೂ ಮುಟ್ಟದು, ಅದರ ಕಹಿ ಅಂಥದ್ದು. ಸೂರಯ್ಯ ಬಾಗಿಲಿನ ಎರಡೂ ಬದಿಗೆ ಅದನ್ನೇ ಹಾಕಿದ. ಒಂದೆರಡು ಮಳೆಗಾಲದಲ್ಲಿ ದಾರಿಯೆಲ್ಲ ಕೆಂಪೋ ಕೆಂಪು. ನಾಗತಿ ಬನಕ್ಕೆ ಹೆಸರಿಟ್ಟು ಅವನ ಕೈಗೆ ಬೆಳ್ಳಿಯ ಕಡಗ ತೊಡಿಸಿದಳು. ಆ ಬೇಸಿಗೆಯಲ್ಲಿ ಅವನು ಗಿಡಗಳನ್ನು ಅಂದವಾಗಿ ಸವರಿ, ಕೊಂಬೆಗಳನ್ನು ಹಾದಿಬದಿಯಲ್ಲಿ ಒಟ್ಟಿದ. ಬಿಸಿಲಿಗೆ ಎಲೆ ಒಣಗಿತು. ಒಣಗಿದರೆ ಕಣಗಿಲೆಯ ಕಹಿ ಇಳಿಯುತ್ತದೆ, ನಂಜು ಇಳಿಯುವುದಿಲ್ಲ. ಪಾಪ, ಅದು ಅವನಿಗೆ ಗೊತ್ತಿರಲಿಲ್ಲ. ಸಂಜೆ ನೀರಿಗೆ ಬಂದ ಎತ್ತುಗಳು ಒಟ್ಟಿಲಿಗೆ ಮೂತಿ ಇಟ್ಟದ್ದನ್ನು ಅವನು ಕಂಡ. ಎದ್ದು ಒಂದು ಸಲ ಗದರಿದ್ದರೆ ಸಾಕಿತ್ತು. ಬಾಯಿ ಹಾಕದ ಗಿಡವಲ್ಲವೇ, ಮೂಸಿ ಹೋಗುತ್ತವೆ ಎಂದುಕೊಂಡು ಕೂತೇ ಇದ್ದ.

ಬೆಳಗಾಗುವಷ್ಟರಲ್ಲಿ ಕೆರೆಯಂಗಳದ ತುಂಬ ದೇವರ ಎತ್ತುಗಳು ಕಾಲು ಚಾಚಿ ಬಿದ್ದಿದ್ದವು. ಒಂದೂ ಉಳಿಯಲಿಲ್ಲ. ಅವನ್ನು ಕಾಯುತ್ತಿದ್ದ ಕಿಲಾರಿ ಬೋಸಯ್ಯ ಹೆಂಡಿರು ಮಕ್ಕಳಿಲ್ಲದ ಮುದುಕ. ಒಂದೊಂದನ್ನೂ ಹೆಸರು ಹಿಡಿದು ಕರೆದು, ದಾರಿಯ ಪಕ್ಕದಲ್ಲೇ, ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡಿದ. ಸೂರಯ್ಯ ಅವನ ಕಾಲಿಗೆ ಬಿದ್ದು, "ಹೊಡಿಯಣ್ಣ, ನನ್ನೂ ಇಲ್ಲೇ ಹೂಳು" ಎಂದು ಗೋಳಾಡಿದ. ಬೋಸಯ್ಯ ಕೋಲು ಎತ್ತಲಿಲ್ಲ.

"ಇವ್ರ ಗುಡ್ಡೆ ಮ್ಯಾಲಿನ ಹುಲ್ಲು ಯಾವ ದನಾನೂ ಮೇಯಬಾರ್ದು ಕಣೋ. ಸುತ್ತ ನಿನ್ ಗಿಡಾನೇ ಒತ್ತಾಗಿ ಹಾಕು. ನೀರು ನೀನೇ ಹೊರು" ಎಂದ.

ಸೂರಯ್ಯ ಸಾಯುವವರೆಗೂ ಹೊತ್ತ. ಮತ್ತೆಂದೂ ಒಂದು ಕೊಂಬೆ ಸವರಲಿಲ್ಲ. ಉದುರಿದ ಎಲೆಗಳನ್ನು ಆಯ್ದು ಆಯ್ದು ಹೂಳುತ್ತಿದ್ದನಂತೆ. ನಾಗತಿಯಂತೂ ಆ ಬಾಗಿಲಿನಿಂದ ಹೊರಗೆ ಕಾಲಿಡಲಿಲ್ಲ ಎನ್ನುತ್ತಾರೆ. ಕೋಟೆ ಬಿತ್ತು, ತೋಟ ಹೋಯಿತು, ಗುಡ್ಡೆಗಳ ಸುತ್ತ ಹಾಕಿದ್ದು ಮಾತ್ರ ಉಳಿಯಿತು. ಈಗ ಹೋದವರಿಗೂ ಹೂವಿನ ನಡುವೆ ಗಿಡ್ಡ ದಿಬ್ಬಗಳು ಸಾಲಾಗಿ ಕಾಣುತ್ತವೆ. ದನಗಾಹಿಗಳು ಅಲ್ಲಿ ಬುತ್ತಿ ಬಿಚ್ಚುವುದಿಲ್ಲ. ದಿಬ್ಬಗಳ ಮೇಲೆ ಹುಲ್ಲು ಮೊಣಕಾಲೆತ್ತರ ಬೆಳೆದು, ನಿಂತಲ್ಲೇ ಒಣಗುತ್ತದೆ.